ವಿಷಯವುಂಟು, ಪ್ರಶ್ನೆಯೆಲ್ಲಿ? — ವಚನ ಸಂಶೋಧನೆಯ ಪ್ರಸ್ತಾವಗಳನ್ನು ಕುರಿತು

ಡಾ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು 1923ರಲ್ಲಿ ಪ್ರಕಟವಾಯಿತು. ಅಂದಿನಿಂದ ನೂರು ವರ್ಷಗಳು ಸಂದುಹೋದುವು. ಈ ಅವಧಿಯಲ್ಲಿ ವಚನ ವಾಙ್ಮಯವು ತಾಳೆಗರಿಯಿಂದ ಅಚ್ಚಿಗೆ, ಅಚ್ಚಿನಿಂದ ಪಠ್ಯಪುಸ್ತಕಕ್ಕೆ, ಪಠ್ಯಪುಸ್ತಕದಿಂದ ಪಿಎಚ್.ಡಿ. ಪದವಿಗೆ ನಡೆದುಬಂದಿದೆ. ವಚನಗಳ ಮೇಲೆ ಮಹಾಪ್ರಬಂಧವೊಂದನ್ನಾದರೂ ಕಾಣದ ಕನ್ನಡ ವಿಭಾಗ ಇಂದು ನಮ್ಮ ನಾಡಿನಲ್ಲಿ ದುರ್ಲಭ. ಇದು ಸಂತೋಷದ ಸಂಗತಿ. ಆದರೆ ಈ ಮಹಾಪ್ರಬಂಧಗಳ ಬಾಗಿಲಲ್ಲಿ ನಿಂತಿರುವ ಒಂದು ಚಿಕ್ಕ ಬರಹವುಂಟು. ಕೆಲಸ ಆರಂಭವಾಗುವ ಮೊದಲು ವಿದ್ಯಾರ್ಥಿಯು ತನ್ನ ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ಆ ಹತ್ತು-ಹದಿನೈದು ಪುಟಗಳನ್ನು ನಾವು ಸಂಶೋಧನ ಪ್ರಸ್ತಾವವೆನ್ನೋಣ. ವಿದ್ಯಾರ್ಥಿಗಳ ಬಾಯಲ್ಲಿ ಅದು ಸಿನಾಪ್ಸಿಸ್. ಮುಂದಿನ ಮೂರು-ನಾಲ್ಕು ವರ್ಷಗಳ ದುಡಿಮೆಯು ಫಲಿಸುವುದೋ ಬರಿದಾಗುವುದೋ ಎಂಬುದು ಬಹುಮಟ್ಟಿಗೆ ಈ ಪುಟಗಳಲ್ಲಿಯೇ ತೀರ್ಮಾನವಾಗುತ್ತದೆ. ಅದನ್ನು ಕುರಿತು ಚರ್ಚಿಸಿದವರು ಮಾತ್ರ ವಿರಳ. ಮಹಾಪ್ರಬಂಧಗಳ ವಿಮರ್ಶೆ ಪತ್ರಿಕೆಗಳಲ್ಲಿ ಬರುತ್ತದೆ, ಪ್ರಸ್ತಾವಗಳ ವಿಮರ್ಶೆ ಬರುವುದಿಲ್ಲ. ಪ್ರಕೃತ ಲೇಖನದ ಉದ್ದೇಶ ಅದು.

ನಿವೃತ್ತನಾದ ಮೇಲೆ ಅಬ್ಬಿಗೇರಿಯ ನಮ್ಮ ಮನೆಗೆ ಸುತ್ತಲಿನ ಊರುಗಳ ವಿದ್ಯಾರ್ಥಿಗಳು ಇಂತಹ ಕಾಗದಗಳನ್ನು ತರುವುದುಂಟು. ಅವುಗಳ ಶೀರ್ಷಿಕೆಗಳಲ್ಲಿ ಒಂದು ಸಾಮ್ಯ ಕಾಣುತ್ತದೆ. ಇಂತಹ ವಚನಕಾರರ ವಚನಗಳಲ್ಲಿ ಸಾಮಾಜಿಕ ಪ್ರಜ್ಞೆ, ಇಂತಹ ಶರಣೆಯ ವಚನಗಳಲ್ಲಿ ಸ್ತ್ರೀ ಸಂವೇದನೆ, ವಚನಗಳಲ್ಲಿ ಪರಿಸರ ಚಿಂತನೆ. ಕೊನೆಗೆ ಅಡ್ಡಗೆರೆ ಹಾಕಿ ‘ಒಂದು ಅಧ್ಯಯನ’. ಅಡ್ಡಗೆರೆಯ ಮುಂದಿನ ಈ ಎರಡು ಪದಗಳು ಏನನ್ನು ಹೇಳುತ್ತವೆ? ಅಧ್ಯಯನವಲ್ಲದೆ ಅದು ಮತ್ತೇನಾಗಲು ಸಾಧ್ಯವಿತ್ತು? ಶೀರ್ಷಿಕೆಯ ಈ ಬಾಲವು ನಿರಪಾಯಕರವೆಂದು ತೋರಬಹುದು. ನನ್ನ ಅಭಿಪ್ರಾಯದಲ್ಲಿ ರೋಗದ ಲಕ್ಷಣ ಅದೇ. ಬರೆಯುವವನಿಗೆ ವಿಷಯ ದೊರಕಿದೆ, ಪ್ರಶ್ನೆ ದೊರಕಿಲ್ಲ. ಪ್ರಶ್ನೆ ಇರಬೇಕಾದ ಸ್ಥಳದಲ್ಲಿ ಆ ಎರಡು ಪದಗಳು ಕುಳಿತಿವೆ.

ಒಬ್ಬ ಹುಡುಗ, ಬುದ್ಧಿವಂತ, ಓದಿಕೊಂಡವನು. “ವಿಷಯ ಆಗೇತ್ರಿ ಸರ, ಸಿನಾಪ್ಸಿಸ್ ಒಂದು ಬರದ್ರ ಮುಗೀತ್ರಿ” ಎಂದ. “ನಿನ್ನ ಪ್ರಶ್ನೆ ಏನಪಾ?” ಎಂದೆ. “ಪ್ರಶ್ನೆ ಅಂದ್ರ... ಬಸವಣ್ಣನವರ ವಚನದಾಗ ಸಾಮಾಜಿಕ ಪ್ರಜ್ಞೆ ಐತಿ ಅಂತ ತೋರಸೂದ್ರಿ.” “ಇಲ್ಲ ಅಂತ ಯಾರರ ಅಂದಾರೇನು?” “ಯಾರೂ ಅಂದಿಲ್ರಿ” ಎಂದು ತಾನೇ ನಕ್ಕ.

ಆ ಹುಡುಗನ ನಗೆಯಲ್ಲಿ ತೊಡಕಿನ ತಿರುಳಿದೆ. ಯಾರೂ ಅಲ್ಲಗಳೆಯದುದನ್ನು ಸ್ಥಾಪಿಸಲು ಮುನ್ನೂರು ಪುಟಗಳನ್ನು ಬರೆದರೆ ಅದು ಸ್ತೋತ್ರವಾದೀತು. ಸ್ತೋತ್ರಕ್ಕೆ ಅದರದೇ ಆದ ಸ್ಥಾನವುಂಟು, ಪೂಜೆಯ ಹೊತ್ತಿನಲ್ಲಿ ನಾವೆಲ್ಲರೂ ಅದನ್ನು ಹಾಡುತ್ತೇವೆ. ಸಂಶೋಧನೆಯ ಪ್ರಶ್ನೆಗಾದರೋ ಎರಡು ಉತ್ತರಗಳಿಗೆ ಎಡೆಯಿರಬೇಕು, ಮತ್ತು ಕೇಳುವವನಿಗೆ ಪ್ರಿಯವಲ್ಲದ ಉತ್ತರವೂ ಬರಬಹುದಾದ ಸಂಭವವಿರಬೇಕು. ಹೌದು ಎಂಬ ಒಂದೇ ಉತ್ತರವನ್ನು ಮೊದಲೇ ಗಂಟು ಕಟ್ಟಿಕೊಂಡು ಹೊರಟವನು ಆಕರಗಳನ್ನು ಓದುವುದಿಲ್ಲ. ತನಗೆ ಬೇಕಾದ ವಚನಗಳನ್ನು ಆಯ್ದುಕೊಳ್ಳುತ್ತಾನೆ, ಉಳಿದುವನ್ನು ದಾಟಿ ಹೋಗುತ್ತಾನೆ.

ಹಾಗಾದರೆ ಬಲವಾದ ಪ್ರಶ್ನೆ ಎಂದರೆ ಯಾವುದು? ನಮ್ಮ ಸಂಶೋಧನೆಯ ಇತಿಹಾಸದಿಂದಲೇ ಒಂದು ನಿದರ್ಶನವನ್ನು ಕೊಡುತ್ತೇನೆ. ಅದು ನಮ್ಮವರಾರೂ ಕೇಳಿದ ಪ್ರಶ್ನೆಯಲ್ಲ, ಕೇಳಿದಾಗ ನಮ್ಮವರಿಗೆ ಹಿತವೆನಿಸಿದ್ದೂ ಅಲ್ಲ. 19ನೆಯ ಶತಮಾನದ ಕೊನೆಯಲ್ಲಿ ಜೆ. ಎಫ್. ಫ್ಲೀಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ 5ನೆಯ ಸಂಪುಟದಲ್ಲಿ ಅಬ್ಲೂರಿನ ಶಾಸನಗಳನ್ನು ಸಂಪಾದಿಸಿದರು. ಏಕಾಂತದ ರಾಮಯ್ಯನ ಪವಾಡವನ್ನು ವಿಸ್ತಾರವಾಗಿ ಹೇಳುವ ಶಾಸನ ಅಲ್ಲಿಯದು. ಅದನ್ನು ಓದಿದ ಫ್ಲೀಟರಿಗೆ ಒಂದು ಸಂಶಯ ಮೂಡಿತು. ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಉನ್ನತ ಪದವಿಯಲ್ಲಿದ್ದವರೆಂದು ಪುರಾಣಗಳು ಹೇಳುತ್ತವೆ. ಆ ಕಾಲದ ಶಾಸನಗಳು ಹೇರಳವಾಗಿವೆ. ರಾಮಯ್ಯನ ಹೆಸರು ಶಾಸನದಲ್ಲಿದೆ. ಬಸವಣ್ಣನವರ ಹೆಸರೇಕೆ ಇಲ್ಲ? ಅವರು ಇಲ್ಲಿಂದ ಮುಂದೆ ಹೋಗಿ, ಈ ಮತದ ಪ್ರಮುಖ ಪುರುಷನು ಏಕಾಂತದ ರಾಮಯ್ಯನೇ ಎಂಬ ತೀರ್ಮಾನಕ್ಕೆ ಬಂದರು. ತೀರ್ಮಾನವು ಅವಸರದ್ದಾಗಿತ್ತು. ಪ್ರಶ್ನೆ ಮಾತ್ರ ಗಟ್ಟಿಯಾದುದಾಗಿತ್ತು. ಏಕೆಂದರೆ ತನ್ನನ್ನು ಸುಳ್ಳಾಗಿಸಲು ಏನು ಬೇಕೆಂಬುದನ್ನು ಆ ಪ್ರಶ್ನೆಯೇ ಹೇಳುತ್ತಿತ್ತು: ಒಂದು ಶಾಸನ.

ಆ ಶಾಸನ ದೊರೆಯಿತು. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ, ಸೇವುಣ ಕನ್ನರದೇವನ ಕಾಲದ 1260ರ ಶಾಸನದಲ್ಲಿ ಬಸವರಾಜನ ಹೆಸರೂ ಅವನ ಮನೆತನದ ಮಾತೂ ಕಂಡುಬಂದುವು. ವಾದವು ಅಲ್ಲಿಗೇ ಮುಗಿಯಿತೆಂದು ಉಪನ್ಯಾಸಗಳಲ್ಲಿ ಹೇಳುವುದುಂಟು. ಮುಗಿಯಲಿಲ್ಲ, ಮುಗಿಯಬೇಕಾದ್ದೂ ಇಲ್ಲ. ಬಿಜ್ಜಳನ ಆಳ್ವಿಕೆಗೂ ಈ ಶಾಸನಕ್ಕೂ ಸುಮಾರು ತೊಂಬತ್ತು ವರ್ಷಗಳ ಅಂತರವಿದೆ. ಬಸವಣ್ಣನವರು ಐತಿಹಾಸಿಕ ವ್ಯಕ್ತಿಯೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಟ್ಟಿತು. ಹದಿಮೂರನೆಯ ಶತಮಾನದ ನಡುವಿನಲ್ಲಿ ಆ ಸೀಮೆಯ ಜನ ಅವರನ್ನು ಹೇಗೆ ನೆನೆಯುತ್ತಿದ್ದರು ಎಂಬ ಹೊಸ ಪ್ರಶ್ನೆಯೊಂದನ್ನು ಹುಟ್ಟಿಸಿತು. ಹರಿಹರನ ರಗಳೆಯನ್ನೂ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನೂ ಈ ಶಾಸನದ ಪಕ್ಕದಲ್ಲಿಟ್ಟು ಓದುವವನಿಗೆ ಈಗಲೂ ಅಲ್ಲಿ ಕೆಲಸವಿದೆ. ಫ್ಲೀಟರ ಮೇಲೆ ಸಿಟ್ಟಾಗಿ ಸುಮ್ಮನಿದ್ದವರಿಂದ ಈ ಕೆಲಸವಾಗಲಿಲ್ಲ. ಅವರ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಎತ್ತಿಕೊಂಡವರಿಂದ ಆಯಿತು.

ಇಲ್ಲಿ ಭಕ್ತರಾದ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಶರಣರನ್ನು ಹೀಗೆ ಪ್ರಶ್ನೆಯ ಒರೆಗಲ್ಲಿಗೆ ಹಚ್ಚುವುದು ಶ್ರದ್ಧೆಗೆ ಸಲ್ಲುವುದೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆ. ನಾನೂ ಇಷ್ಟಲಿಂಗವನ್ನು ಧರಿಸಿದವನೇ. ಆದರೆ ನಮ್ಮ ಪರಂಪರೆಯ ಶ್ರೇಷ್ಠ ಸಂಕಲನ ಗ್ರಂಥವಾದ ಶೂನ್ಯಸಂಪಾದನೆಯ ರಚನೆಯನ್ನೇ ನೋಡಬೇಕು. ಆದಿಯಿಂದ ಅಂತ್ಯದವರೆಗೆ ಅದು ಪ್ರಶ್ನೋತ್ತರ. ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸಿದ್ಧರಾಮಯ್ಯನವರ ಕೆರೆ-ದೇಗುಲಗಳ ಕೆಲಸವನ್ನು ಪರೀಕ್ಷಿಸದೆ ಬಿಡುವುದಿಲ್ಲ, ಬಸವಣ್ಣನವರನ್ನೂ ಬಿಡುವುದಿಲ್ಲ. ಪ್ರಶ್ನೆಗೆ ಒಳಗಾದವರಾರೂ ಅಲ್ಲಿ ಕಿರಿದಾಗಲಿಲ್ಲ.

ಈ ಮಾತನ್ನು ನಾವು ಒಪ್ಪಿದಷ್ಟು ಸುಲಭವಾಗಿ ಆಚರಣೆಯಲ್ಲಿ ತರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಡಾ. ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ದ ಲೇಖನಗಳಲ್ಲಿ ಎತ್ತಿದ ಕೆಲವು ಸಂಗತಿಗಳ ಕಾರಣದಿಂದ 1989ರಲ್ಲಿ ತಮ್ಮ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಆ ಲೇಖನಗಳ ನಿರ್ಣಯಗಳನ್ನು ಒಪ್ಪದಿರಲು ಕಾರಣಗಳಿರಬಹುದು. ಒಪ್ಪದವರು ಆಧಾರಗಳನ್ನು ಮುಂದಿಟ್ಟು ಬರೆಯಬಹುದಿತ್ತು. ಹಿಂತೆಗೆದುಕೊಂಡ ಮಾತು ಖಂಡಿತವಾದ ಮಾತಾಗುವುದಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಆಮೇಲೆ ಹಳ್ಳಿಯ ಕಡೆಯಿಂದ ಬರುವ ವಿದ್ಯಾರ್ಥಿಯು ‘ಸಾಮಾಜಿಕ ಪ್ರಜ್ಞೆ’ಯಂತಹ ಯಾರಿಗೂ ಮುಳ್ಳಾಗದ ವಿಷಯವನ್ನೇ ಹುಡುಕಿದರೆ ತಪ್ಪು ಅವನೊಬ್ಬನದೇ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಮಠಗಳೂ ವಿಭಾಗಗಳೂ ತಾವು ಕೇಳಿಸಿಕೊಳ್ಳಲು ಸಿದ್ಧರಿದ್ದೇವೆಂದು ತೋರಿಸದ ಹೊರತು ಬಲವಾದ ಪ್ರಶ್ನೆಗಳನ್ನು ಬರೆಯಿರೆಂದು ಹುಡುಗರಿಗೆ ಬೋಧಿಸುವುದು ನ್ಯಾಯವಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಪ್ರಶ್ನೆಯ ಬಲವು ಧೈರ್ಯದಿಂದ ಮಾತ್ರ ಬರುವುದಿಲ್ಲ. ಅದನ್ನು ಹೊರಬಲ್ಲ ಆಕರಗಳು ಇರಬೇಕು. ವಚನಗಳ ವಿಷಯದಲ್ಲಿ ಇದೊಂದು ವಿಶೇಷವಾದ ತೊಡಕು. ಬಸವಾದಿ ಪ್ರಮಥರು ಬಾಳಿದ್ದು 12ನೆಯ ಶತಮಾನದಲ್ಲಿ. ಇಂದು ನಮಗೆ ದೊರೆಯುವ ವಚನಗಳ ಕಟ್ಟುಗಳು ಬಹುಮಟ್ಟಿಗೆ 15ನೆಯ ಶತಮಾನದ ಈಚಿನವು. ಪ್ರೌಢದೇವರಾಯನ ಕಾಲದಲ್ಲಿ, ಅಂದರೆ 1424ರಿಂದ 1446ರ ಅವಧಿಯಲ್ಲಿ, ವಿಜಯನಗರದ ಆಶ್ರಯದಲ್ಲಿ ಸಂಕಲನದ ಕೆಲಸ ಭರದಿಂದ ಸಾಗಿತೆಂಬುದು ಪ್ರಸಿದ್ಧ. ನಡುವಿನ ಮೂರು ಶತಮಾನಗಳನ್ನು ಪ್ರಸ್ತಾವದಲ್ಲಿ ಮರೆಯುವಂತಿಲ್ಲ. ‘12ನೆಯ ಶತಮಾನದ ಶರಣೆಯರ ಮನೋಧರ್ಮ’ ಎಂದು ಬರೆದ ಕೂಡಲೇ, ಈ ಪಾಠಗಳು ಆ ಶತಮಾನದವೆಂದು ಹೇಗೆ ಬಲ್ಲಿರಿ ಎಂದು ಪರೀಕ್ಷಕನು ಕೇಳುತ್ತಾನೆ, ಕೇಳಬೇಕು. ಅದೇ ವಿದ್ಯಾರ್ಥಿಯು ‘15ನೆಯ ಶತಮಾನದ ಸಂಕಲನಕಾರರು ಶರಣೆಯರ ವಚನಗಳಲ್ಲಿ ಯಾವುವನ್ನು ಆರಿಸಿದರು, ಯಾವ ಸ್ಥಲದ ಕೆಳಗೆ ಇಟ್ಟರು’ ಎಂದು ಕೇಳಿದರೆ ಅವನ ಕೈಯಲ್ಲಿ ಆಧಾರವಿದೆ. ಮೊದಲಿನದು ಕೇಳಲು ಭವ್ಯವಾಗಿದೆ, ಎರಡನೆಯದು ಕಿರಿದಾಗಿ ಕಾಣುತ್ತದೆ. ಉತ್ತರ ದೊರೆಯುವುದು ಎರಡನೆಯದಕ್ಕೆ.

ಶೂನ್ಯಸಂಪಾದನೆಯ ಮಾತು ಬಂದಿತಷ್ಟೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಎಂಬ ನಾಲ್ವರು ಅದನ್ನು ಒಬ್ಬರ ನಂತರ ಒಬ್ಬರು ಕಟ್ಟಿದರು. ಸಿದ್ಧರಾಮಯ್ಯನವರಿಗೆ ಇಷ್ಟಲಿಂಗ ದೀಕ್ಷೆಯಾಯಿತೇ ಇಲ್ಲವೇ ಎಂಬ ವಿಷಯದಲ್ಲಿ ಈ ನಾಲ್ಕೂ ಒಂದೇ ರೀತಿಯಾಗಿ ನಡೆದುಕೊಂಡಿಲ್ಲ. ‘ಸಿದ್ಧರಾಮಯ್ಯನವರಿಗೆ ದೀಕ್ಷೆಯಾಗಿತ್ತೇ?’ ಎಂದು ಕೇಳಿದರೆ ಪಕ್ಷ-ಪ್ರತಿಪಕ್ಷಗಳ ಜಗಳ ಕೊನೆಗಾಣದು. ‘ಈ ಪ್ರಸಂಗವನ್ನು ಯಾವ ಸಂಪಾದಕನು ಹೇಗೆ ನಡೆಸಿದನು, ಅದಕ್ಕಾಗಿ ಯಾವ ವಚನಗಳನ್ನು ಸೇರಿಸಿದನು, ಯಾವುವನ್ನು ಸರಿಸಿದನು?’ ಎಂದು ಕೇಳಿದರೆ ನಾಲ್ಕು ಪಾಠಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಎರಡು ವರ್ಷ ಕೂತು ಓದಿದವನಿಗೆ ನಿಶ್ಚಿತವಾದ ಫಲ ಸಿಗುತ್ತದೆ. ಗೂಳೂರು ಸಿದ್ಧವೀರಣಾರ್ಯನ ಪಾಠವನ್ನು ಹಳಕಟ್ಟಿಯವರು 1930ರಲ್ಲಿ ಅಚ್ಚು ಹಾಕಿದರು. ನಮ್ಮ ರೋಣ ಸೀಮೆಯ ನಿಡಗುಂದಿಯಲ್ಲಿ ಹುಟ್ಟಿದ ಪ್ರೊ. ಸಂ. ಶಿ. ಭೂಸನೂರಮಠರು 1958ರಲ್ಲಿ ಅದನ್ನು ಮತ್ತೆ ಸಂಪಾದಿಸಿದರು, 1969ರಲ್ಲಿ ‘ಶೂನ್ಯಸಂಪಾದನೆಯ ಪರಾಮರ್ಶೆ’ಯನ್ನು ಬರೆದರು, 1972ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅದಕ್ಕೆ ಬಂದಿತು. ಪರಾಮರ್ಶೆಯ ಪ್ರಶ್ನೆ ಅನುಭಾವದ ಅರ್ಥವೇನು ಎಂಬುದು. ಸಂಪಾದಕರ ಕೈಚಳಕದ ಪ್ರಶ್ನೆಯನ್ನು ಅದು ಮುಖ್ಯವಾಗಿ ಎತ್ತಿಕೊಂಡದ್ದಲ್ಲ. ಹಿರಿಯರು ಒಂದು ಗ್ರಂಥದ ಮೇಲೆ ಮಹತ್ಕಾರ್ಯವನ್ನು ಮಾಡಿದ್ದಾರೆ ಎಂದಮಾತ್ರಕ್ಕೆ ಆ ಗ್ರಂಥದ ಬಾಗಿಲು ಮುಚ್ಚಿತೆಂದು ತಿಳಿಯಬೇಕಾಗಿಲ್ಲ. ಪ್ರಸ್ತಾವದಲ್ಲಿ ಪೂರ್ವಾಧ್ಯಯನಗಳ ಸಮೀಕ್ಷೆ ಎಂಬ ಭಾಗವಿರುವುದು ಇದಕ್ಕಾಗಿಯೇ.

ಆ ಭಾಗವನ್ನು ನಮ್ಮ ವಿದ್ಯಾರ್ಥಿಗಳು ಹೇಗೆ ಬರೆಯುತ್ತಾರೆ? ಹಳಕಟ್ಟಿಯವರಿಂದ ಆರಂಭಿಸಿ ಹೆಸರುಗಳನ್ನೂ ಗ್ರಂಥಗಳನ್ನೂ ಸಾಲಾಗಿ ಜೋಡಿಸಿ, ಪ್ರತಿಯೊಬ್ಬರಿಗೂ ‘ಮೌಲಿಕ ಕೃತಿ’ ಎಂಬ ಹಾರ ಹಾಕುತ್ತಾರೆ. ಇದು ಮದುವೆಯ ಮಂಟಪದಲ್ಲಿ ಹಿರಿಯರನ್ನು ಸತ್ಕರಿಸುವ ರೀತಿ. ಸಮೀಕ್ಷೆಯಲ್ಲಿ ಕೇಳಬೇಕಾದ್ದು ಆ ವಿದ್ವಾಂಸರು ಯಾವ ಪ್ರಶ್ನೆಯನ್ನು ಹೊತ್ತು ಹೋದರು, ಎಲ್ಲಿಯವರೆಗೆ ಹೋದರು, ಎಲ್ಲಿ ನಿಂತರು ಎಂಬುದು. ಹಳಕಟ್ಟಿಯವರ ಗ್ರಂಥದ ಹೆಸರಿನಲ್ಲಿಯೇ ಅವರ ಪ್ರಶ್ನೆಯಿದೆ. ಈ ನುಡಿಗಳಲ್ಲಿ ಒಂದು ಶಾಸ್ತ್ರವುಂಟೇ, ಉಂಟಾದರೆ ಅದರ ಸಾರವೇನು? ಆದುದರಿಂದ ಅವರು ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿದರು. ಆ ವಿಂಗಡಣೆ ಅವರ ಪ್ರಶ್ನೆಗೆ ಸರಿಯಾಗಿತ್ತು. ಒಬ್ಬೊಬ್ಬ ವಚನಕಾರನ ದನಿಯನ್ನು ಕೇಳಬಯಸಿದವನಿಗೆ ಅದು ಸಾಲದು. ಹೀಗೆ ಓದಿದಾಗ ಹಿರಿಯರ ಕೃತಿಯ ಬೆಲೆಯೂ ತಿಳಿಯುತ್ತದೆ, ನಮಗೆ ಉಳಿದ ಕೆಲಸವೂ ಕಾಣುತ್ತದೆ.

ಶೀರ್ಷಿಕೆಯಿಂದಲೇ ಕೆಲಸದ ಎಲ್ಲೆಯನ್ನು ತಿಳಿಸಿದ ಎರಡು ಮಹಾಪ್ರಬಂಧಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತೆರೆದು ನೋಡಬೇಕೆಂದು ನನ್ನ ಸೂಚನೆ. ಡಾ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಕ್ರಿ.ಶ. 450ರಿಂದ 1150ರವರೆಗೆ ಎಂದು ಗೆರೆ ಎಳೆದುಕೊಂಡಿತು. ಶಾಸನವೆಂಬ ಒಂದೇ ಬಗೆಯ ಆಕರ, ಏಳುನೂರು ವರ್ಷಗಳ ಒಂದು ಕಾಲ. ಅಲ್ಲಿಯೂ ಶೀರ್ಷಿಕೆಯಲ್ಲಿ ‘ಅಧ್ಯಯನ’ವೆಂಬ ಪದವಿದೆ, ಆದರೆ ಅದರ ಹಿಂದೆ ಬೇಲಿಯಿದೆ. ಕಲಬುರ್ಗಿಯವರ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ ಇದಕ್ಕಿಂತ ಕಠಿನವಾದ ಸಾಹಸ. ಒಂದು ಲಕ್ಷಣಗ್ರಂಥ ಉಳಿದಿದೆ, ಅದರ ಸುತ್ತಲಿದ್ದ ಸಾಹಿತ್ಯ ಬಹುಪಾಲು ಅಳಿದಿದೆ. ಉಳಿದುದರಿಂದ ಅಳಿದುದನ್ನು ಎಷ್ಟರಮಟ್ಟಿಗೆ ಊಹಿಸಬಹುದು? ಈ ಇಬ್ಬರ ಪ್ರಶ್ನೆಗಳೂ ಆಕರವನ್ನು ಬಿಟ್ಟು ಮೇಲಕ್ಕೆ ಹಾರಲಿಲ್ಲ.

ಗಣಕಯಂತ್ರದ ವಿಷಯವನ್ನೂ ಎತ್ತಲೇಬೇಕು. ಕರ್ನಾಟಕ ಸರಕಾರವು 1993ರಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಿವೆ; ಕೊನೆಯ ಸಂಪುಟ ಪಾರಿಭಾಷಿಕ ಪದಕೋಶ. ಈಗ ಈ ವಚನಗಳನ್ನು ‘ವಚನ ಸಂಚಯ’ದಂತಹ ಅಂತರಜಾಲ ತಾಣಗಳಲ್ಲಿ ಕ್ಷಣಾರ್ಧದಲ್ಲಿ ಹುಡುಕಬಹುದು. ‘ಕಾಯಕ’ ಎಂಬ ಪದ ಯಾರ ವಚನದಲ್ಲಿ ಎಷ್ಟು ಸಲ ಬಂದಿದೆಯೆಂದು ಎಣಿಸಲು ನಮ್ಮ ಕಾಲದಲ್ಲಿ ತಿಂಗಳುಗಟ್ಟಲೆ ಚೀಟಿ ಬರೆಯಬೇಕಾಗುತ್ತಿತ್ತು. ಇಂದು ಅದು ಚಹ ಕುಡಿದು ಮುಗಿಸುವಷ್ಟರ ಕೆಲಸ. ಆದುದರಿಂದ ಎಣಿಕೆಯೇ ಸಂಶೋಧನೆಯೆಂದು ಪ್ರಸ್ತಾವದಲ್ಲಿ ಬರೆಯುವ ಕಾಲ ಹೋಯಿತು. ಯಂತ್ರವು ತೋರಿಸುವುದು ಸಂಪಾದಕರು ಆರಿಸಿದ ಒಂದು ಪಾಠವನ್ನು. ಪಾಠಾಂತರಗಳ ಲೋಕ ಅದರ ಹಿಂದೆ ಮರೆಯಾಗಿರುತ್ತದೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದದೆ ಯಂತ್ರದ ಮುಂದೆ ಕುಳಿತವನಿಗೆ ತಾನು ಎಣಿಸುತ್ತಿರುವುದು ಏನನ್ನೆಂಬುದೇ ತಿಳಿಯದು.

ಆದರೂ ಅದೇ ಎಣಿಕೆಯಿಂದ ಒಳ್ಳೆಯ ಪ್ರಶ್ನೆಯೊಂದು ಹುಟ್ಟಬಲ್ಲದು. ಕಾಯಕವನ್ನು ಕೈಲಾಸಕ್ಕೆ ಸಮನಾಗಿಸುವ ಪ್ರಸಿದ್ಧ ನುಡಿಯು ಬಸವಣ್ಣನವರದೆಂದು ನಮ್ಮ ಜನರ ನಂಬಿಕೆ. ಶಾಲೆಯ ಗೋಡೆಗಳ ಮೇಲೆ, ಬಸ್ ನಿಲ್ದಾಣಗಳಲ್ಲಿ ಅವರ ಹೆಸರಿನಲ್ಲಿಯೇ ಬರೆದಿರುತ್ತಾರೆ. ಹುಡುಕಿ ನೋಡಿದರೆ ಅದು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಈ ತಪ್ಪನ್ನು ಎತ್ತಿ ತೋರಿಸುವವರು ಬಹಳ, ಆದರೆ ಅದು ಪ್ರಬಂಧವಾಗುವುದಿಲ್ಲ. ಆಯ್ದಕ್ಕಿ ಮಾರಯ್ಯನ ನುಡಿ ಬಸವಣ್ಣನವರ ಹೆಸರಿಗೆ ಯಾವಾಗ, ಯಾರ ಕೈಯಿಂದ ವರ್ಗವಾಯಿತು? ಅಕ್ಕಿ ಆಯುವ ಬಡವನೊಬ್ಬನ ಬಾಯಿಂದ ಬಂದ ಮಾತು ದಂಡನಾಯಕನ ಬಾಯಿಗೆ ಹೋದಾಗ ಅದರ ಅರ್ಥದಲ್ಲಿ ಏನು ಬದಲಾಯಿತು? ಮುಂಬಯಿ ಕರ್ನಾಟಕದ ಹಳೆಯ ಪಠ್ಯಪುಸ್ತಕಗಳು, ಹಳಕಟ್ಟಿಯವರು 1926ರಲ್ಲಿ ಆರಂಭಿಸಿದ ‘ಶಿವಾನುಭವ’ದ ಸಂಚಿಕೆಗಳು, ಜಯಂತಿಯ ಸ್ಮರಣ ಸಂಚಿಕೆಗಳು ಇದಕ್ಕೆ ಆಕರ. ತಾಳೆಗರಿ ಓದಲು ಬಾರದ ವಿದ್ಯಾರ್ಥಿಯೂ ಕೈಗೆತ್ತಿಕೊಳ್ಳಬಹುದಾದ ಕೆಲಸ ಇದು. ನನಗೆ ಮೂವತ್ತು ವರ್ಷ ವಯಸ್ಸಾಗಿದ್ದರೆ ನಾನೇ ಮಾಡುತ್ತಿದ್ದೆ.

ಪ್ರಸ್ತಾವವನ್ನು ಬರೆಯುವ ಕ್ರಮವನ್ನು ಈ ಸೀಮೆಯದೇ ಒಂದು ಉದಾಹರಣೆಯ ಮೂಲಕ ಹೇಳುವುದು ಮೇಲು. ಅಬ್ಬಿಗೇರಿಯಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ತಿರುಗಿ ಬರಬಹುದಾದಷ್ಟು ದೂರದಲ್ಲಿ ಸೂಡಿಯಿದೆ. ಜೋಡುಕಳಸದ ಗುಡಿಯನ್ನೂ ನಾಗಕುಂಡವನ್ನೂ ನೋಡಲು ಶಾಲೆಯ ಮಕ್ಕಳನ್ನು ಕರೆದೊಯ್ಯುವುದುಂಟು. 11ನೆಯ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿಯು ಕಿಸುಕಾಡು-70ನ್ನು ಆಳಿದ ಸಂಗತಿಯನ್ನು ಅಲ್ಲಿಯ ಶಾಸನಗಳು ಹೇಳುತ್ತವೆ. ಆ ಶಾಸನಗಳನ್ನು ಎಲ್. ಡಿ. ಬಾರ್ನೆಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ 15ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಕಾಳಾಮುಖ ಆಚಾರ್ಯರ ಉಲ್ಲೇಖಗಳಿವೆ. ಕಾಳಾಮುಖ ಮಠಗಳು ಮುಂದೆ ವೀರಶೈವ ಮಠಗಳಾದುವೆಂಬ ಅಭಿಪ್ರಾಯವನ್ನು ಡಾ. ಶಿ. ಚ. ನಂದೀಮಠರು ಬಹಳ ಹಿಂದೆಯೇ ಮಂಡಿಸಿದ್ದರು. 1972ರಲ್ಲಿ ಡೇವಿಡ್ ಲೊರೆಂಜನ್ ಅವರು ಕಾಪಾಲಿಕ-ಕಾಳಾಮುಖರನ್ನು ಕುರಿತು ಬರೆದ ಗ್ರಂಥದಲ್ಲಿಯೂ ಈ ಸಂಬಂಧದ ಚರ್ಚೆಯಿದೆ.

ಒಬ್ಬ ವಿದ್ಯಾರ್ಥಿಯು ‘ಕಾಳಾಮುಖರು ಮತ್ತು ವೀರಶೈವರು — ಒಂದು ಅಧ್ಯಯನ’ ಎಂದು ಬರೆದನೆನ್ನಿ. ಇಡೀ ಕರ್ನಾಟಕದ ಐದು ಶತಮಾನಗಳು ಅದರೊಳಗೆ ಬಿದ್ದುವು. ಅವನು ಎದ್ದು ಬರಲಾರ. ‘ರೋಣ ಪರಿಸರದಲ್ಲಿ ಕಾಳಾಮುಖರು’ ಎಂದರೆ ಊರು ಚಿಕ್ಕದಾಯಿತು, ಪ್ರಶ್ನೆ ಇನ್ನೂ ಬರಲಿಲ್ಲ. ಅವನು ಹೀಗೆ ಕೇಳಲಿ: ಸೂಡಿಯ ಶಾಸನಗಳಲ್ಲಿ ಕಾಳಾಮುಖ ಆಚಾರ್ಯರ ಉಲ್ಲೇಖವು ಯಾವ ವರ್ಷದ ನಂತರ ನಿಲ್ಲುತ್ತದೆ? ನಿಂತ ಬಳಿಕ ಅದೇ ದೇವಾಲಯಗಳ ದತ್ತಿಗಳು ಯಾರ ಕೈಗೆ ಬಂದುವು? ಈಗ ಮೂರು ಉತ್ತರಗಳು ಸಾಧ್ಯ. ಒಂದೇ ಸ್ಥಾನದಲ್ಲಿ ಒಬ್ಬರ ನಂತರ ಮತ್ತೊಬ್ಬರು ಬಂದಿದ್ದರೆ ಮಾರ್ಪಾಡಿನ ಸಿದ್ಧಾಂತಕ್ಕೆ ಇಲ್ಲಿ ಬಲ ಸಿಕ್ಕಿತು. ನಡುವೆ ದೀರ್ಘವಾದ ಬರಿದು ಕಾಲವಿದ್ದು ಆಮೇಲೆ ಬೇರೆಯವರು ಬಂದಿದ್ದರೆ ಆ ಸಿದ್ಧಾಂತ ಸೂಡಿಯ ಮಟ್ಟಿಗೆ ನಿಲ್ಲಲಾರದು. ಶಾಸನಗಳು ಏನನ್ನೂ ಹೇಳದಿದ್ದರೆ? ಮೂರನೆಯ ಈ ಸಾಧ್ಯತೆಯನ್ನು ಪ್ರಸ್ತಾವದಲ್ಲಿ ಬರೆಯುವವರನ್ನು ನಾನು ಕಂಡಿಲ್ಲ. ಆಕರ ಮೌನವಾದರೆ ಮುಂದೇನು ಮಾಡುವೆನೆಂದು ಎರಡು ವಾಕ್ಯ ಬರೆದಿಟ್ಟವನ ಕಾಗದವನ್ನು ಪರೀಕ್ಷಕರು ಬೇರೆ ಕಣ್ಣಿನಿಂದ ನೋಡುತ್ತಾರೆ. ನೆರೆಯ ಊರುಗಳ ಶಾಸನಗಳಿಗೆ ಪ್ರಶ್ನೆಯನ್ನು ಹಿಗ್ಗಿಸಬಹುದು, ಅಥವಾ ಕಾಲದಲ್ಲಿ ಕೆಳಗಿಳಿದು ಇನಾಮು ದಾಖಲೆಗಳಿಂದ ಹಿಂದಕ್ಕೆ ನಡೆಯಬಹುದು.

ಆಕರಗಳನ್ನು ಕುರಿತ ಭಾಗವನ್ನು ಮನೆಯಲ್ಲಿ ಕುಳಿತು ಬರೆಯಬಾರದು. ‘ಮಠಗಳಲ್ಲಿರುವ ಹಸ್ತಪ್ರತಿಗಳನ್ನು ಬಳಸಿಕೊಳ್ಳಲಾಗುವುದು’ ಎಂಬ ವಾಕ್ಯವನ್ನು ಎಷ್ಟು ಪ್ರಸ್ತಾವಗಳಲ್ಲಿ ಓದಿದ್ದೇನೋ! ಯಾವ ಮಠ, ಎಷ್ಟು ಕಟ್ಟು, ಓದುವ ಸ್ಥಿತಿಯಲ್ಲಿವೆಯೇ, ಶ್ರೀಗಳ ಅಪ್ಪಣೆಯಾಗಿದೆಯೇ? ಕಟ್ಟನ್ನು ಒಮ್ಮೆ ಬಿಚ್ಚಿ ನೋಡಿಯೇ ಬರೆಯಬೇಕು. ಕೆಲವು ಕಡೆ ಗರಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೆಲವು ಕಡೆ ಪೂಜೆಗೆ ಇಟ್ಟ ಕಟ್ಟನ್ನು ಬಿಚ್ಚಗೊಡುವುದೇ ಇಲ್ಲ. ಶಾಸನದ ವಿಷಯದಲ್ಲಿಯೂ ಹೀಗೆಯೇ. ಅಚ್ಚಾದ ಪಾಠದ ಜೊತೆಗೆ ಕಲ್ಲನ್ನೂ ನೋಡಿ ಬರಬೇಕು, ನೂರು ವರ್ಷಗಳ ಹಿಂದೆ ಓದಿದ ಸಾಲು ಈಗ ಸವೆದಿರಬಹುದು. ಇನಾಮು ದಾಖಲೆಗಳೆಂದೆನಷ್ಟೆ, ಗಜೇಂದ್ರಗಡ ಘೋರ್ಪಡೆಯವರ ಸೀಮೆ, ಮರಾಠರ ಕಾಲದ ಕಾಗದಗಳು ಮೋಡಿ ಲಿಪಿಯಲ್ಲಿರುತ್ತವೆ. ಓದುವವರು ಯಾರು? ವಿದ್ಯಾರ್ಥಿಯು ತಾನೇ ಕಲಿಯುವುದಾದರೆ ಅದಕ್ಕೆ ಆರು ತಿಂಗಳನ್ನು ಕಾಲದ ಪಟ್ಟಿಯಲ್ಲಿ ತೋರಿಸಬೇಕು. ಬಲ್ಲವರಿಂದ ಓದಿಸುವುದಾದರೆ ಅವರಿಗೆ ಕೊಡುವ ಹಣವನ್ನು ವೆಚ್ಚದ ಪಟ್ಟಿಯಲ್ಲಿ.

ವಿಧಾನವೆಂಬ ಭಾಗದಲ್ಲಿ ‘ವಿಶ್ಲೇಷಣಾತ್ಮಕ, ತೌಲನಿಕ, ಐತಿಹಾಸಿಕ ವಿಧಾನಗಳನ್ನು ಅನುಸರಿಸಲಾಗುವುದು’ ಎಂಬ ಮಂತ್ರವನ್ನು ಎಲ್ಲರೂ ಪಠಿಸುತ್ತಾರೆ. ಸೂಡಿಯ ವಿದ್ಯಾರ್ಥಿಗೆ ಇದರ ಗೊಡವೆ ಬೇಡ. ಶಾಸನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವೆನು, ಪ್ರತಿಯೊಂದರಲ್ಲಿ ದತ್ತಿ ಪಡೆದವನ ಹೆಸರು, ಬಿರುದು, ಗುರುಪರಂಪರೆಗಳನ್ನು ಬರೆದುಕೊಳ್ಳುವೆನು, ತೇದಿಯಿಲ್ಲದ ಶಾಸನಗಳನ್ನು ಲಿಪಿಯಿಂದ ಅಂದಾಜು ಮಾಡಿ ಬೇರೆ ಇಡುವೆನು ಎಂದು ಮಾಡುವ ಕೆಲಸವನ್ನೇ ಬರೆದರೆ ಸಾಕು.

ಅಧ್ಯಾಯಗಳ ಪಟ್ಟಿಯನ್ನು ಕುರಿತು ಒಂದೇ ಮಾತು. ಮೊದಲ ಅಧ್ಯಾಯ ವೀರಶೈವದ ಉಗಮ, ಎರಡನೆಯದು ವಚನ ಸಾಹಿತ್ಯದ ಹಿನ್ನೆಲೆ, ಮೂರನೆಯದು ಊರಿನ ಇತಿಹಾಸ ಎಂದು ನೂರೈವತ್ತು ಪುಟಗಳು ಕಳೆದ ಮೇಲೆ ನಾಲ್ಕನೆಯದರಲ್ಲಿ ಪ್ರಶ್ನೆ ಕಣ್ತೆರೆಯುವ ಪ್ರಬಂಧಗಳು ನಮ್ಮಲ್ಲಿ ಹೆಚ್ಚು. ಸೂಡಿಯ ಪ್ರಸ್ತಾವದಲ್ಲಿ ಮೊದಲನೆಯ ಅಧ್ಯಾಯವು ಅಲ್ಲಿಯ ಕಾಳಾಮುಖ ಆಚಾರ್ಯರ ಮೊದಲ ಉಲ್ಲೇಖದಿಂದಲೇ ಆರಂಭವಾಗಲಿ. ಕಾಲದ ಪಟ್ಟಿಯನ್ನು ಮಾಡುವಾಗ ಕಲ್ಲುಗಳನ್ನು ನೋಡುವ ಕೆಲಸವನ್ನು ಕಾರ್ತಿಕದಿಂದ ಮಾಘದೊಳಗೆ ಇಟ್ಟುಕೊಳ್ಳುವುದು ಲೇಸು. ಚೈತ್ರದ ನಂತರ ಈ ಎರೆಸೀಮೆಯ ಬಿಸಿಲಿನಲ್ಲಿ ಬಯಲಿನ ಕಲ್ಲಿನ ಮುಂದೆ ಹೆಚ್ಚು ಹೊತ್ತು ಕೂರಲಾಗದು. ಮುಂಜಾನೆಯ ಓರೆ ಬೆಳಕಿನಲ್ಲಿ ಕಾಣುವ ಸವೆದ ಅಕ್ಷರ ನಡುಮಧ್ಯಾಹ್ನದಲ್ಲಿ ಕಾಣುವುದೂ ಇಲ್ಲ.